ಗುಡುಗಿನ ಮರುದಿನ ಏಳದ ಕಂಪ್ಯೂಟರ್: ಆಪರೇಟಿಂಗ್ ಸಿಸ್ಟಂ ಅಳಿಸುವ ಮೊದಲು ನೋಡಬೇಕಾದದ್ದು

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಬೂಟ್ ಆಗುವ ಡಿಸ್ಕ್ ಸಿಗುತ್ತಿಲ್ಲ’ ಎಂಬ ಅರ್ಥದ ಒಂದೇ ಸಾಲು. (ಬೂಟ್ ಎಂದರೆ ಕಂಪ್ಯೂಟರ್ ಎದ್ದು ಆಪರೇಟಿಂಗ್ ಸಿಸ್ಟಂ ಶುರುವಾಗುವುದು.) ನಿನ್ನೆ ರಾತ್ರಿಯ ತನಕ ಸರಿಯಾಗಿಯೇ ಇತ್ತು. ನಾಳೆ ತಾನಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಹೀಗೆ ಬಂದು ಹೋಗುವ ದೋಷ ಕಂಡಾಗ ಎಲ್ಲರೂ ದೂರುವುದು ಆಪರೇಟಿಂಗ್ ಸಿಸ್ಟಂ ಅನ್ನು, ಆಮೇಲೆ ಮಾಡುವುದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವ ಕೆಲಸವನ್ನು. ನಮ್ಮ ಕರಾವಳಿಯಲ್ಲಿ, ಅದರಲ್ಲೂ ಗುಡುಗಿನ ತಿಂಗಳುಗಳಲ್ಲಿ ಈ ದೋಷ ಕಾಣಿಸಿಕೊಂಡರೆ, ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಪ್ಲಗ್ಗು ತೆಗೆದಿದ್ದಿರಾ?

ಕಟಪಾಡಿಯ ಅಕ್ಕನ ಮನೆಯಲ್ಲಿ ಈ ಪ್ರಶ್ನೆಯ ತನಕ ಬರಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರಗಳಲ್ಲಿ ನಾನು ತಪ್ಪಾಗಿ ಓದಿದ ಗುರುತುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಈ ದೋಷದಲ್ಲಿ ದಾರಿ ತೋರಿಸುವ ಗುರುತುಗಳಿಗಿಂತ ದಾರಿ ತಪ್ಪಿಸುವ ಗುರುತುಗಳೇ ಹೆಚ್ಚು.

ಯಂತ್ರದ ಹಿನ್ನೆಲೆ

ಭಾವ ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸಿಕೊಡುತ್ತಾರೆ. ಅವರ ಕಂಪ್ಯೂಟರ್ 2014ರಲ್ಲಿ ಕೊಂಡದ್ದು, ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಇರುವಂಥದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಬೇಕು. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಅದಕ್ಕೇ ಮಂಗಳೂರಿನಿಂದ ಒಂದು ಭಾನುವಾರ ಹೋಗಿ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟೆ. ಹಳೆಯ ಲೆಕ್ಕದ ಸಾಫ್ಟ್‌ವೇರ್ ಮತ್ತು ಡಿಜಿಟಲ್ ಸಹಿಯ ಟೋಕನ್ ಬಳಸಲೆಂದು ವಿಂಡೋಸ್ ಅನ್ನು ಪಕ್ಕದಲ್ಲಿ ಉಳಿಸಿದೆ. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ವಿಸ್ತೃತ ಯೋಜನೆಗೂ ಅದನ್ನು ಸೇರಿಸಿದೆ. ಆನ್ ಮಾಡಿದಾಗ ಯಾವುದು ಬೇಕು ಎಂದು ಕೇಳುವ ಗ್ರಬ್ ಮೆನು ಬರುತ್ತಿತ್ತು. ಎಲ್ಲವೂ ಚೆನ್ನಾಗಿತ್ತು.

ದೀಪಾವಳಿಯ ಆಸುಪಾಸಿನಲ್ಲಿ ಹಿಂಗಾರಿನ ಗುಡುಗು ಶುರುವಾಯಿತು. ಅದೇ ವಾರ ಭಾವನ ಫೋನು ಬಂತು: “ನೀನು ಹಾಕಿದ ಮೇಲೆ ಇದು ಏಳುತ್ತಿಲ್ಲ ಮಾರಾಯ.”

ಹೊಸದಾಗಿ ಏನನ್ನಾದರೂ ಹಾಕಿದ ಬೆನ್ನಿಗೇ ದೋಷ ಬಂದರೆ ಹೊಸದರ ಮೇಲೆ ಅನುಮಾನ ಹೋಗುವುದು ಸಹಜ. ನನಗೂ ಹಾಗೆಯೇ ಆಯಿತು. ಗ್ರಬ್ ಕೆಟ್ಟಿರಬೇಕು, ಇಲ್ಲವೇ ವಿಂಡೋಸ್ ಅಪ್‌ಡೇಟ್ ಆಗುವಾಗ ಅದನ್ನು ಹಿಂದಕ್ಕೆ ತಳ್ಳಿರಬೇಕು ಎಂದುಕೊಂಡೆ. ಮಿಂಟ್ ಇರುವ ಪೆನ್‌ಡ್ರೈವ್ ಅಲ್ಲಿಯೇ ಇತ್ತು. ಅದರಿಂದ ಬೂಟ್ ಮಾಡಿಸಿ, ಬೂಟ್ ರಿಪೇರ್ ಎಂಬ ಉಪಕರಣವನ್ನು ಫೋನಿನಲ್ಲೇ ಹೇಳಿಕೊಡುತ್ತಾ ಓಡಿಸಿದೆ. ದುರಸ್ತಿ ಯಶಸ್ವಿ ಎಂದು ಅದು ಹೇಳಿತು. ಕಂಪ್ಯೂಟರ್ ಎದ್ದಿತು. ಮೂರು ದಿನ ಚೆನ್ನಾಗಿ ನಡೆದು ನಾಲ್ಕನೆಯ ಬೆಳಿಗ್ಗೆ ಮತ್ತೆ ಅದೇ ಕಪ್ಪು ಪರದೆ.

ಆ ದುರಸ್ತಿ ಏನನ್ನೂ ದುರಸ್ತಿ ಮಾಡಿರಲಿಲ್ಲ ಎಂದು ಈಗ ಗೊತ್ತಾಗಿದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಲು ಮೊದಲು ಬಯಾಸ್‌ಗೆ (ಆಪರೇಟಿಂಗ್ ಸಿಸ್ಟಂಗಿಂತ ಮೊದಲು ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಹೋಗಿ ಬೂಟ್ ವಿಧಾನವನ್ನು ಹೊಸ ಬಗೆಯ ‘ಯುಇಎಫ್‌ಐ’ಗೆ ಬದಲಿಸಿ ಎಂದು ನಾನೇ ಹೇಳಿದ್ದೆ. ಯಂತ್ರ ಎದ್ದದ್ದು ಆ ಬದಲಾವಣೆಯಿಂದ. ಆಮೇಲೆ ನಡೆದ ದುರಸ್ತಿಗೆ ಅದರ ಹೆಸರು ಬಂತು. ಆ ಸೆಟ್ಟಿಂಗ್ ಬದಲಾಗಿದ್ದು ಹೇಗೆ ಎಂದು ಆ ದಿನವೇ ಕೇಳಿದ್ದರೆ ಮೂರು ವಾರ ಉಳಿಯುತ್ತಿತ್ತು. ಹೀಗಾಗಿ ಯಾವ ದೋಷವನ್ನು ಸರಿಮಾಡುವಾಗಲೂ ದಾರಿಯಲ್ಲಿ ಮುಟ್ಟಿದ ಪ್ರತಿಯೊಂದನ್ನೂ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಎರಡನೇ ಸಲ ಭಾವ ಕ್ಯಾಬಿನೆಟ್ ಹೊತ್ತುಕೊಂಡು ಹೋಗಿ ಒಂದು ರಿಪೇರಿ ಅಂಗಡಿಗೆ ಕೊಟ್ಟರು. ಅಂಗಡಿಯವರು ಎರಡು ದಿನ ಇಟ್ಟುಕೊಂಡು, ಹತ್ತಾರು ಸಲ ಆನ್ ಆಫ್ ಮಾಡಿ ನೋಡಿ, ದೋಷವೇ ಇಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಅಲ್ಲಿ ದೋಷ ಬಂದಿರಲಿಲ್ಲ. ಬೇಕಾದರೆ ಲಿನಕ್ಸ್ ತೆಗೆದು ವಿಂಡೋಸ್ ಒಂದನ್ನೇ ಹಾಕಿಕೊಡುತ್ತೇವೆ ಎಂದಾಗ, ಒಳಗೆ ಗಿರಾಕಿಗಳ ಲೆಕ್ಕ ಇದೆ ಎಂದು ಭಾವ ಒಪ್ಪಲಿಲ್ಲ. ಅದು ಒಳ್ಳೆಯದಾಯಿತು.

ಅಕ್ಕ ಆನ್ ಮಾಡಿದರೆ ಏಳುತ್ತದೆ

ನವೆಂಬರ್ ಮೊದಲ ವಾರ ನಾನೇ ಹೋದೆ. ಚಹಾ ಕೊಡುತ್ತಾ ಅಕ್ಕ ಹೇಳಿದ ಒಂದು ಮಾತಿನಿಂದ ಇಡೀ ವಿಚಾರ ತಿರುಗಿತು: “ನಾನು ಆನ್ ಮಾಡಿದರೆ ಸರಿಯಾಗಿ ಬರುತ್ತದೆ. ಇವರು ಮಾಡಿದರೆ ಮಾತ್ರ ಆಗುವುದಿಲ್ಲ.”

ಇಂಥ ಮಾತನ್ನು ತಳ್ಳಿಹಾಕಬಾರದು. ಇಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಏನು ಮಾಡುತ್ತೀರಿ ಎಂದು ಒತ್ತುವ ಒಂದೊಂದು ಕೀಲಿಯನ್ನೂ ಬಿಡದೆ ಕೇಳಿದೆ. ಆಗ ತಿಳಿದದ್ದು, ಕಪ್ಪು ಪರದೆಯ ಆ ಸಾಲಿಗಿಂತ ಮೊದಲು ಇನ್ನೊಂದು ಪರದೆ ಬರುತ್ತಿತ್ತು! ಸೆಟ್ಟಿಂಗ್ ತೆರೆಯಲು ಎಫ್1 ಒತ್ತಿ, ಮೂಲ ಮೌಲ್ಯಗಳನ್ನು ತುಂಬಿಕೊಂಡು ಮುಂದುವರಿಯಲು ಎಫ್2 ಒತ್ತಿ ಎಂಬ ಎರಡು ಸಾಲು ಅದರಲ್ಲಿತ್ತು. ಭಾವ ‘ಮುಂದುವರಿಯಲು’ ಎಂಬುದನ್ನು ನೋಡಿ ಎಫ್2 ಒತ್ತುತ್ತಿದ್ದರು. ಅಕ್ಕ ಎಫ್1 ಒತ್ತಿ, ಎದುರಾದ ಬಯಾಸ್ ಪುಟದಲ್ಲಿ ಏನನ್ನೂ ಮುಟ್ಟದೆ ಹೊರಬರುತ್ತಿದ್ದಳು. ಫೋನಿನಲ್ಲಿ ಈ ಪರದೆಯ ಸುದ್ದಿ ಯಾರೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ದೋಷ ಹೇಳುವವರು ಕೊನೆಯ ಸಂದೇಶವನ್ನು ಹೇಳುತ್ತಾರೆ. ರೋಗದ ಹೆಸರು ಬರೆದಿರುವುದು ಮೊದಲ ಸಂದೇಶದಲ್ಲಿ.

ಈ ಮದರ್‌ಬೋರ್ಡಿನಲ್ಲಿ (ಕಂಪ್ಯೂಟರಿನೊಳಗಿನ ಮುಖ್ಯ ಹಲಗೆ) ಎರಡು ಕೀಲಿಗಳ ಫಲ ಬೇರೆ ಬೇರೆ. ಎಫ್1 ಒತ್ತಿ ಹೊರಬಂದರೆ ವಿದ್ಯುತ್ ಇಲ್ಲದೆಯೂ ನೆನಪಿಡುವ ಫ್ಲ್ಯಾಶ್ ಚಿಪ್ಪಿನಲ್ಲಿರುವ ಹಳೆಯ ಸೆಟ್ಟಿಂಗ್ ಹಾಗೆಯೇ ಉಳಿಯುತ್ತದೆ, ದಿನಾಂಕ ಮಾತ್ರ ತಪ್ಪಾಗಿರುತ್ತದೆ. ಎಫ್2 ಒತ್ತಿದರೆ ಕಾರ್ಖಾನೆಯ ಮೂಲ ಸೆಟ್ಟಿಂಗ್ ಬರುತ್ತದೆ, ಅದರಲ್ಲಿ ಬೂಟ್ ವಿಧಾನ ಹಳೆಯ ‘ಲೆಗಸಿ’. ನಮ್ಮ ಡಿಸ್ಕ್ ಯುಇಎಫ್‌ಐಗಾಗಿ ಸಿದ್ಧವಾದ ಜಿಪಿಟಿ ಡಿಸ್ಕ್. ಲೆಗಸಿ ವಿಧಾನದಲ್ಲಿ ಹುಡುಕಿದರೆ ಬೂಟ್ ಆಗುವಂಥದ್ದು ಅದರಲ್ಲಿ ಏನೂ ಸಿಗುವುದಿಲ್ಲ. ಡಿಸ್ಕ್ ಕೆಟ್ಟಿಲ್ಲ, ಗ್ರಬ್ ಕೆಟ್ಟಿಲ್ಲ, ಹುಡುಕುವವನಿಗೆ ತಪ್ಪು ವಿಳಾಸ ಕೊಟ್ಟಂತಾಗಿತ್ತು. ಬೇರೆ ಬೋರ್ಡುಗಳಲ್ಲಿ ಇದೇ ಮೂಲ ಸೆಟ್ಟಿಂಗ್ ಡಿಸ್ಕಿನ ವಿಧಾನವನ್ನೂ, ಅಂದರೆ ಬೋರ್ಡ್ ಡಿಸ್ಕಿನೊಂದಿಗೆ ವ್ಯವಹರಿಸುವ ರೀತಿಯನ್ನೂ ಬದಲಿಸಬಹುದು. ಎಎಚ್‌ಸಿಐ ಇದ್ದದ್ದು ಐಡಿಇ ಅಥವಾ ರೇಡ್ ಆದರೆ ವಿಂಡೋಸ್ ನೀಲಿ ಪರದೆ ತೋರಿಸಿ, ಬೂಟ್ ಸಾಧನವನ್ನು ತಲುಪಲಾಗುತ್ತಿಲ್ಲ ಎನ್ನುತ್ತದೆ. ಅದನ್ನೂ ಎಷ್ಟೋ ಜನ ವಿಂಡೋಸ್ ಕೆಟ್ಟಿತೆಂದು ತಿಳಿದು ಅಳಿಸಿಬಿಡುತ್ತಾರೆ.

ಹಾಗಾದರೆ ಆ ಮೊದಲ ಪರದೆ ಬರುತ್ತಿದ್ದುದೇಕೆ? ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರವಿದೆ, ಆರ್‌ಟಿಸಿ ಎನ್ನುತ್ತಾರೆ. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವೊಂದು ಅದರ ನಾಡಿ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗು ಸಿಕ್ಕಿಸಿ ಸ್ವಿಚ್ ಹಾಕಿದ್ದರೆ, ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೂರೈಸುವ ಪೆಟ್ಟಿಗೆ) ಬರುವ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಅದನ್ನು ನಡೆಸುತ್ತದೆ. ಪ್ಲಗ್ಗು ತೆಗೆದ ಕ್ಷಣದಿಂದ ಆ ಭಾರ ಒಂದು ನಾಣ್ಯದಾಕಾರದ ಸೆಲ್ಲಿನ ಮೇಲೆ ಬೀಳುತ್ತದೆ. ಸಿಆರ್2032 ಎಂದು ಅದರ ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬ ಅಳತೆ ಆ ಹೆಸರಿನಲ್ಲೇ ಇದೆ. ಧಾರಣೆ ಸುಮಾರು 225 ಮಿಲಿಆಂಪಿಯರ್-ಗಂಟೆ. ಗಡಿಯಾರ ಹೀರುವುದು ಕೆಲವೇ ಮೈಕ್ರೋಆಂಪಿಯರ್. ಐದು ಎಂದು ಹಿಡಿದರೆ ಪ್ಲಗ್ಗಿಲ್ಲದೆ 45,000 ಗಂಟೆ, ಅಂದರೆ ಐದು ವರ್ಷ ನಡೆಯಬೇಕು. ಸದಾ ಪ್ಲಗ್ಗಿನಲ್ಲಿರುವ ಯಂತ್ರದಲ್ಲಿ ಅದು ಹತ್ತು ವರ್ಷವೂ ಬಾಳಬಹುದು. ಸಿಡಿಲಿಗೆ ಹೆದರಿ ಮೇ ತಿಂಗಳಲ್ಲೂ ಅಕ್ಟೋಬರ್‌ನಲ್ಲೂ ಪ್ರತಿ ಸಂಜೆ ಪ್ಲಗ್ಗು ಕೀಳುವ ನಮ್ಮ ಮನೆಗಳಲ್ಲಿ ಸೆಲ್ಲು ಬೇಗ ಸವೆಯುತ್ತದೆ. ಸವೆದದ್ದು ಗೊತ್ತಾಗುವುದೂ ಅದೇ ತಿಂಗಳುಗಳಲ್ಲಿ. ಸೆಲ್ಲು ಸವೆದ ಮೇಲೆ ಪ್ಲಗ್ಗು ತೆಗೆದರೆ ಗಡಿಯಾರ ನಿಂತು ಸಮಯ ಮರೆತುಹೋಗುತ್ತದೆ, ಬೆಳಿಗ್ಗೆ ಅದನ್ನು ಕಂಡ ಬೋರ್ಡ್ ಆ ಎಚ್ಚರಿಕೆಯ ಪರದೆ ತೋರಿಸುತ್ತದೆ.

ಅಂಗಡಿಯಲ್ಲಿ ದೋಷ ಕಾಣದಿದ್ದ ಕಾರಣವೂ ಇಲ್ಲಿಯೇ ಇದೆ. ಅಲ್ಲಿ ಯಂತ್ರ ಎರಡು ದಿನವೂ ಪ್ಲಗ್ಗಿನಲ್ಲೇ ಇತ್ತು.

ಲಿನಕ್ಸ್ ಅಡಗಿಸುವ ಸಾಕ್ಷಿ, ಲಿನಕ್ಸ್‌ನಲ್ಲೇ ಸಿಗುವ ಸಾಕ್ಷಿ

ಸೆಲ್ಲು ಸತ್ತರೆ ದಿನಾಂಕ ಹಿಂದಕ್ಕೆ ಹೋಗಿರಬೇಕಲ್ಲ, ಅದು ಕಣ್ಣಿಗೆ ಬೀಳಲಿಲ್ಲವೇ? ವಿಂಡೋಸ್ ತೆರೆದ ದಿನ ಬಿದ್ದಿತ್ತು. ಜಿಎಸ್‌ಟಿ ಜಾಲತಾಣ ಸುರಕ್ಷಿತವಲ್ಲ ಎಂದು ಬ್ರೌಸರ್ ತಡೆದಿತ್ತು, ಸಹಿಯ ಟೋಕನ್ನಿನ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂಬ ದೂರು ಬಂದಿತ್ತು. ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭದ ದಿನ, ಕೊನೆಯ ದಿನ ಎಂದು ಎರಡಿರುತ್ತವೆ. 2020ರ ಸೆಪ್ಟೆಂಬರ್ ನಂತರ ಕೊಟ್ಟವುಗಳ ಆಯುಸ್ಸು ಆಗ, 2025ರಲ್ಲಿ, 398 ದಿನ ಮೀರುವಂತಿರಲಿಲ್ಲ. ಕಂಪ್ಯೂಟರ್ 2014ರ ಜನವರಿ 1 ಎಂದು ನಂಬಿದರೆ ಅದಕ್ಕೆ ಇಂದಿನ ಯಾವ ಪ್ರಮಾಣಪತ್ರವೂ ಹುಟ್ಟಿಯೇ ಇಲ್ಲ. ಭಾವ ಇದನ್ನು ಇಂಟರ್‌ನೆಟ್ ತೊಂದರೆ ಎಂದು ತಿಳಿದು, ದಿನಾಂಕವನ್ನು ಕೈಯಲ್ಲೇ ಸರಿಮಾಡಿ ಕೆಲಸ ಮುಗಿಸಿ, ನನಗೆ ಹೇಳುವುದನ್ನು ಬಿಟ್ಟಿದ್ದರು. ಎರಡು ಬೇರೆ ಬೇರೆ ದೋಷ ಎಂದೇ ಅವರು ತಿಳಿದಿದ್ದರು.

ಮಿಂಟ್ ಮಾತ್ರ ಇದನ್ನು ಮುಚ್ಚಿಹಾಕುತ್ತದೆ, ಕೆಟ್ಟ ಉದ್ದೇಶದಿಂದಲ್ಲ. ಕೊನೆಯದಾಗಿ ತನಗೆ ಗೊತ್ತಿದ್ದ ಸರಿಯಾದ ಸಮಯವನ್ನು ಅದು ಡಿಸ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಏಳುವಾಗ ಬೋರ್ಡಿನ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಅದನ್ನು ನಂಬದೆ, ಬರೆದಿಟ್ಟ ಸಮಯದಿಂದಲೇ ಶುರುಮಾಡುತ್ತದೆ. ಹಾಗಾಗಿ ಪರದೆಯ ಮೂಲೆಯಲ್ಲಿ 2014ರ ಬದಲು ನಿನ್ನೆ ರಾತ್ರಿಯ ಸಮಯ ಕಾಣುತ್ತದೆ. ವೈಫೈ ಸಿಕ್ಕಿದ ಕೆಲವೇ ಕ್ಷಣಗಳಲ್ಲಿ ಅದೂ ಸರಿಹೋಗುತ್ತದೆ. ಅಷ್ಟೇ ಅಲ್ಲದೆ, ಸಮಯ ಹೊಂದಿಕೆಯಾದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್ ಸುಮಾರು 11 ನಿಮಿಷಕ್ಕೊಮ್ಮೆ ಬೋರ್ಡಿನ ಗಡಿಯಾರವನ್ನೂ ತಿದ್ದುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದವರಿಗೆ ಕುರುಹೇ ಸಿಗುವುದಿಲ್ಲ.

ಕುರುಹು ಉಳಿಯುವುದು ದಾಖಲೆಯಲ್ಲಿ. ಮಿಂಟ್‌ನ ಮೆನುವಿನಲ್ಲಿ ‘ಲಾಗ್ಸ್’ ಎಂಬ ಅಪ್ಲಿಕೇಶನ್ ಇದೆ. ಅದರಲ್ಲಿ ಹಿಂದಿನ ಪ್ರತಿಯೊಂದು ಬೂಟ್‌ನ ದಾಖಲೆಯನ್ನೂ ಆರಿಸಿ ತೆರೆಯಬಹುದು. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಆರ್‌ಟಿಸಿ ಎಂದು ಕೊಟ್ಟರೆ, ಸಿಸ್ಟಂ ಗಡಿಯಾರವನ್ನು ಇಂಥ ದಿನಾಂಕಕ್ಕೆ ಇಡಲಾಗಿದೆ ಎಂಬ ಕರ್ನಲ್‌ನ ಸಾಲು ಸಿಗುತ್ತದೆ. ಆಮೇಲೆ ಮಿಂಟ್ ಏನೇ ತಿದ್ದಿಕೊಳ್ಳಲಿ, ಈ ಸಾಲಿನಲ್ಲಿರುವುದು ಬೋರ್ಡ್ ಹೇಳಿದ ಮೊದಲ ದಿನಾಂಕ.

ನಾನು ಒಂದೊಂದೇ ಬೂಟ್ ತೆರೆದು ಹಾಳೆಯ ಮೇಲೆ ಬರೆದುಕೊಂಡೆ. ಐದು ಬೆಳಿಗ್ಗೆಗಳಲ್ಲಿ 2014. ಉಳಿದೆಲ್ಲ ದಿನ ಸರಿಯಾದ ದಿನಾಂಕ. ಹಾಳೆಯನ್ನು ಅಕ್ಕನ ಮುಂದೆ ಇಟ್ಟೆ. ಆ ಮನೆಯಲ್ಲಿ ಗುಡುಗು ಕೇಳಿದರೆ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ಗು ತೆಗೆಯುವವಳು ಅವಳೇ. ಆ ಐದರಲ್ಲಿ ನಾಲ್ಕು ಬೆಳಿಗ್ಗೆಗಳ ಹಿಂದಿನ ಸಂಜೆಗಳಲ್ಲಿ ತಾನು ಪ್ಲಗ್ಗು ತೆಗೆದದ್ದನ್ನು ಅವಳು ನೆನಪಿಸಿಕೊಂಡು ಹೇಳಿದಳು. ಐದನೆಯ ದಿನಕ್ಕೆ ಮಾತ್ರ ಗುಡುಗು ಇರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದಳು: “ಆ ರಾತ್ರಿ ಕರೆಂಟೇ ಇರಲಿಲ್ಲವಲ್ಲ, ಮಗುವಿಗೆ ಬೀಸಣಿಗೆ ಬೀಸಿದ್ದೆ.” ಬೋರ್ಡಿನ ಮಟ್ಟಿಗೆ ಎರಡೂ ಒಂದೇ.

ಮೂರು ಪರೀಕ್ಷೆಗಳು

ದಾಖಲೆ ಇಲ್ಲದವರೂ, ವಿಂಡೋಸ್ ಒಂದೇ ಇರುವವರೂ ಮಾಡಬಹುದಾದ ಪರೀಕ್ಷೆ ಇದೆ. ಆಕಾಶ ತಿಳಿಯಾಗಿರುವ ಒಂದು ರಾತ್ರಿ ಕಂಪ್ಯೂಟರ್ ಆಫ್ ಮಾಡಿ ಪ್ಲಗ್ಗು ಮತ್ತು ಸ್ವಿಚ್ ಹಾಗೆಯೇ ಬಿಡಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಅಲ್ಲಿನ ಸಮಯವನ್ನು ಮೊಬೈಲಿನ ಸಮಯದೊಂದಿಗೆ ಹೋಲಿಸಿ. (ಎಚ್ಚರಿಕೆಯ ಪರದೆಯೇ ಬಂದರೆ ಅಲ್ಲಿ ಬರೆದಿರುವುದನ್ನು ಓದಿ, ಅಲ್ಲಿ ಎಫ್2ಕ್ಕೆ ಬೇರೆಯೇ ಅರ್ಥ ಇರಬಹುದು.) ಮರುರಾತ್ರಿ ಪ್ಲಗ್ಗು ತೆಗೆದಿಟ್ಟು ಬೆಳಿಗ್ಗೆ ಅದೇ ರೀತಿ ಹೋಲಿಸಿ. ಮೊದಲ ದಿನ ಸರಿ, ಎರಡನೆಯ ದಿನ ತಪ್ಪು ಎಂದಾದರೆ ಸೆಲ್ಲು ಮುಗಿದಿದೆ. ಆಪರೇಟಿಂಗ್ ಸಿಸ್ಟಂ ಶುರುವಾಗುವ ಮೊದಲೇ ನೋಡುವುದು ಮುಖ್ಯ, ಶುರುವಾದ ಮೇಲೆ ಅದು ತಿದ್ದಿಬಿಡುತ್ತದೆ.

ಸಮಯದ ವ್ಯತ್ಯಾಸ ಕರಾರುವಾಕ್ಕಾಗಿ ಐದೂವರೆ ಗಂಟೆ ಇದ್ದರೆ ಸೆಲ್ಲನ್ನು ದೂರಬೇಡಿ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ನಮ್ಮ ಭಾರತೀಯ ಸಮಯವನ್ನೇ ಇಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯ ಇಡುತ್ತದೆ, ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಎರಡೂ ಇರುವ ಯಂತ್ರದಲ್ಲಿ ಮಿಂಟ್ ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ 5:30 ಗಂಟೆ ಹಿಂದಿರುವುದು ಈ ಕಾರಣಕ್ಕೆ. ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯ ಎಂದು ಓದುವಂತೆ ಮಿಂಟ್‌ಗೆ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಒಮ್ಮೆ ಹೇಳಿದರೆ ಸಾಕು. ಗಂಟೆಗಳ ವ್ಯತ್ಯಾಸ ಸೆಟ್ಟಿಂಗ್‌ನದ್ದು, ವರ್ಷಗಳ ವ್ಯತ್ಯಾಸ ಸೆಲ್ಲಿನದ್ದು.

ಮೂರನೆಯದು ಮಲ್ಟಿಮೀಟರ್. ಹೊಸ ಸೆಲ್ಲು 3.2 ವೋಲ್ಟ್‌ನ ಆಸುಪಾಸು ತೋರಿಸುತ್ತದೆ. 2.6ಕ್ಕಿಂತ ಕೆಳಗಿದ್ದರೆ ನಾನು ಬದಲಿಸಿಬಿಡುತ್ತೇನೆ. ಭಾವನ ಸೆಲ್ಲಿನಲ್ಲಿ ಇದ್ದದ್ದು 1.87.

ಸಮಯವೂ ಸರಿಯಿದೆ, ಸೆಟ್ಟಿಂಗೂ ಹಾಗೆಯೇ ಇದೆ, ಆದರೂ ಡಿಸ್ಕ್ ಸಿಗುತ್ತಿಲ್ಲ ಎಂದಾದರೆ ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಹೆಸರಿದ್ದರೆ ಗ್ರಬ್ ಅಥವಾ ವಿಂಡೋಸ್‌ನ ಬೂಟ್ ಕಡತಗಳನ್ನು ಅನುಮಾನಿಸಿ. ಬೂಟ್ ರಿಪೇರ್ ಉಪಕರಣಕ್ಕೆ ಕೆಲಸ ಇರುವುದು ಆಗ. ಹೆಸರೇ ಇಲ್ಲದಿದ್ದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲನ್ನು ಎರಡೂ ತುದಿಯಲ್ಲಿ ತೆಗೆದು ಮತ್ತೆ ಸಿಕ್ಕಿಸಿ. ಕಡಲ ಗಾಳಿಯ ತೇವಕ್ಕೆ ಇಲ್ಲಿ ಸಂಪರ್ಕದ ಲೋಹಗಳು ಕಿಲುಬುಗಟ್ಟುತ್ತವೆ. ಅಷ್ಟಕ್ಕೂ ಹೆಸರು ಬರದಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿದು, ಮತ್ತೊಮ್ಮೆ ಕಾಣಿಸಿಕೊಂಡ ತಕ್ಷಣ ಬೇರೆ ಕೆಲಸ ಬಿಟ್ಟು ಕಡತಗಳ ನಕಲು ಮಾಡಿಕೊಳ್ಳಿ.

ಸೆಲ್ಲು ಬದಲಿಸುವುದು

ಮೊದಲು ಬಯಾಸ್‌ನ ಪ್ರತಿಯೊಂದು ಪುಟದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಎಲ್ಲವೂ ಸರಿಯಿರುವ ದಿನವೇ. ಆಫ್ ಮಾಡಿ, ಪ್ಲಗ್ಗು ತೆಗೆದು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಕಬ್ಬಿಣದ ಮೈಯನ್ನು ಒಮ್ಮೆ ಮುಟ್ಟಿ, ಮೈಯ ಸ್ಥಿರವಿದ್ಯುತ್ ಇಳಿಯಲಿ.

ಸೆಲ್ಲು ಹೋಲ್ಡರಿನಲ್ಲಿ ಮಲಗಿರುತ್ತದೆ, ಬರಹವಿರುವ ಧನ ಮುಖ ಮೇಲೆ. ಪಕ್ಕದಲ್ಲೊಂದು ಪುಟ್ಟ ಲೋಹದ ನಾಲಿಗೆ ಅದನ್ನು ತಡೆದಿರುತ್ತದೆ. ನಾಲಿಗೆಯನ್ನು ಉಗುರಿನಿಂದ ಹೊರಕ್ಕೆ ಒತ್ತಿದರೆ ಸೆಲ್ಲಿನ ಒಂದು ಅಂಚು ಟಕ್ಕೆಂದು ಮೇಲೇಳುತ್ತದೆ. ಮೇಲಿನಿಂದ ಸ್ಕ್ರೂಡ್ರೈವರ್ ತುರುಕಬೇಡಿ, ಜಾರಿದರೆ ಬೋರ್ಡಿನ ಮೇಲಿನ ಗೆರೆಗಳು ಗೀಚಿಹೋಗುತ್ತವೆ. ಭಾವನ ಬೋರ್ಡಿನಲ್ಲಿ ಸೆಲ್ಲಿನ ಕೆಳಗಿನ ಸಂಪರ್ಕದ ಮೇಲೆ ಸಾಸಿವೆಯಷ್ಟು ಹಸಿರು ಕಿಲುಬು ಇತ್ತು. ಕಿವಿ ಶುಚಿ ಮಾಡುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಪೂರ್ತಿ ಒಣಗುವ ತನಕ ಕಾದೆ. ಇದನ್ನು ಬಿಟ್ಟು ಹೊಸ ಸೆಲ್ಲು ಹಾಕಿದ್ದರೆ ಅದೇ ದೋಷ ಮರಳುತ್ತಿತ್ತು.

ಸೆಲ್ಲು ಸಿಗಲು ಕಂಪ್ಯೂಟರ್ ಅಂಗಡಿಯೇ ಬೇಕಾಗಿಲ್ಲ, ಗಡಿಯಾರ ರಿಪೇರಿ ಮಾಡುವವರ ಬಳಿಯೂ ಇರುತ್ತದೆ. ನಾನು 40 ರೂಪಾಯಿ ಕೊಟ್ಟೆ. ಪೊಟ್ಟಣದ ಮೇಲೆ ಸಿಆರ್2032 ಎಂದೇ ಇರಬೇಕು. 2025 ಎಂದಿರುವುದು ತೆಳು, ಹೋಲ್ಡರಿನಲ್ಲಿ ಸಡಿಲವಾಗಿ ಕೂರುತ್ತದೆ. ಹಳೆಯದನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ, ವೋಲ್ಟೇಜ್ ಇಳಿದ ಸೆಲ್ಲು ಕೂಡ. ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ಹೊಸದು ಹಾಕಿದ ಮೇಲೆ ಮೊದಲ ಬೂಟ್‌ನಲ್ಲಿ ಆ ಎಚ್ಚರಿಕೆಯ ಪರದೆ ಒಮ್ಮೆ ಬಂದೇ ಬರುತ್ತದೆ. ಎಫ್1 ಒತ್ತಿ, ದಿನಾಂಕ ಮತ್ತು ಸಮಯ ಇಟ್ಟು, ಫೋಟೋ ನೋಡಿಕೊಂಡು ಬೂಟ್ ವಿಧಾನ, ಡಿಸ್ಕಿನ ವಿಧಾನ, ಬೂಟ್ ಕ್ರಮ ಮೂರನ್ನೂ ಸರಿಪಡಿಸಿ ಉಳಿಸಿ.

ಪ್ಲಗ್ಗು ತೆಗೆಯುವುದನ್ನೇ ಬಿಟ್ಟರೆ ಆಗುವುದಿಲ್ಲವೇ ಎಂದು ಭಾವ ಕೇಳಿದರು. ಖಂಡಿತ ಬೇಡ. ಹತ್ತಿರ ಸಿಡಿಲು ಬಡಿದರೆ ತಂತಿಯಲ್ಲಿ ನುಗ್ಗುವ ವಿದ್ಯುತ್ತನ್ನು ಗೋಡೆಯ ಸ್ವಿಚ್ ತಡೆಯುವುದಿಲ್ಲ. ಅಕ್ಕ ಮಾಡುತ್ತಿರುವುದೇ ಸರಿ. ನೆಟ್‌ವರ್ಕ್ ಕೇಬಲನ್ನೂ ಕಂಪ್ಯೂಟರಿನಿಂದ ಬಿಡಿಸಬೇಕು ಎಂದು ಸೇರಿಸಿದೆ, ಅದು ಅವಳ ಪಟ್ಟಿಯಲ್ಲಿ ಇರಲಿಲ್ಲ.

ಆ ರಾತ್ರಿ ಗುಡುಗಿರಲಿಲ್ಲ, ಆದರೂ ಪ್ಲಗ್ಗು ತೆಗೆಸಿದೆ. ಮುಂದಿನ ಎರಡು ರಾತ್ರಿಯೂ ಹಾಗೆಯೇ ಮಾಡಲು ಹೇಳಿ ಮಂಗಳೂರಿಗೆ ಮರಳಿದೆ. ಮೂರನೆಯ ಬೆಳಿಗ್ಗೆ ಭಾವ ಲಾಗ್ಸ್ ತೆರೆದು ಆ ಸಾಲಿನ ಫೋಟೋ ಕಳುಹಿಸಿದರು, ದಿನಾಂಕ ಸರಿಯಿತ್ತು. ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಯಲ್ಲಿ ಈಗ ಒಂದು ಚೀಟಿ ಅಂಟಿಸಿದೆ: ಸೆಲ್ಲು ಹಾಕಿದ್ದು 2025 ನವೆಂಬರ್; ಬೂಟ್ ಯುಇಎಫ್‌ಐ; ಡಿಸ್ಕ್ ಎಎಚ್‌ಸಿಐ; ಎಚ್ಚರಿಕೆ ಬಂದರೆ ಎಫ್1.